ಕಮಲಾಪುರದಿಂದ ಬಂದ ಆತ್ರಿ

ಕಮಲಾಪುರದ ಕೋಣೆ ಮುಚ್ಚಿಬಿಡೋಣ ಅಂತ ನೀಲಕಂಠ ಹೇಳಿದ್ದು ಸೋಮವಾರ. ಅದಕ್ಕೆ ಕಾರಣವಾದದ್ದು ಅದರ ಹಿಂದಿನ ಶನಿವಾರ. ನಡುವೆ ಭಾನುವಾರ ಒಂದಿತ್ತು. ಅಷ್ಟರಲ್ಲಿ ಅವನ ಸಿಟ್ಟು ಇಳಿಯಬಹುದು ಅಂತ ಆಫೀಸಿನವರು ಅಂದುಕೊಂಡಿದ್ದರು. ಇಳಿಯಲಿಲ್ಲ.

ನೀಲಕಂಠನ ಕಂಪನಿ ದೊಡ್ಡದೇನಲ್ಲ. ಕಲಬುರಗಿಯ ಐವಾನ್-ಎ-ಶಾಹಿ ಕಡೆ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಹನ್ನೆರಡು ಮಂದಿ, ಕಮಲಾಪುರದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಐದು ಮಂದಿ. ಅವರು ಮಾಡುವ ಸಾಫ್ಟ್‌ವೇರಿನ ಹೆಸರು ‘ಸರದಿ’. ತೊಗರಿ ರಾಶಿಯಾದ ಮೇಲೆ ರೈತರು ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು ದಾಲ್ ಮಿಲ್ಲಿಗೆ ಬರುತ್ತಾರಲ್ಲ, ಯಾರು ಯಾವ ದಿನ ಎಷ್ಟು ಗಂಟೆಗೆ ಬರಬೇಕು ಅಂತ ಅವರ ಫೋನಿಗೆ ಮೊದಲೇ ತಿಳಿಸುವುದು ಅದರ ಕೆಲಸ. ಹಿಂದೆ ಗಾಡಿಗಳು ಮಿಲ್ಲಿನ ಬಾಗಿಲಲ್ಲಿ ಎರಡೆರಡು ದಿನ ನಿಲ್ಲುತ್ತಿದ್ದವು. ನೀಲಕಂಠನ ಅಪ್ಪನ ಮಿಲ್ಲಿನ ಮುಂದೆಯೂ ನಿಲ್ಲುತ್ತಿದ್ದವು. ಅದನ್ನು ನೋಡುತ್ತಲೇ ಬೆಳೆದವನು ಅವನು. ಈಗ ಇಪ್ಪತ್ತಾರು ಮಿಲ್ಲಿನವರು ಸರದಿ ಇಟ್ಟುಕೊಂಡಿದ್ದಾರೆ.

ಕೆಲಸ ಹಂಚಿದ್ದು ಹೀಗೆ. ಕಲಬುರಗಿಯವರು ಪ್ರೋಗ್ರಾಂ ಬರೆಯುವವರು. ಕಮಲಾಪುರದವರು ಅದನ್ನು ನಡೆಸಿ ನೋಡಿ ತಪ್ಪು ಹುಡುಕುವವರು, ಜೊತೆಗೆ ರೈತರ ಫೋನು ಎತ್ತುವವರು. ಎರಡೂ ಕಡೆ ಕೆಲಸ ನಡೆಸಿಕೊಂಡು ಹೋಗುವವಳು ಗೌತಮಿ. ಮಿಲ್ಲಿನವರು ಏನಾದರೂ ಬದಲಾವಣೆ ಕೇಳಿದರೆ ಅದು ಮೊದಲು ಅವಳ ಹತ್ತಿರ ಬರುತ್ತದೆ. ಅವಳು ಅದನ್ನು ಎಲ್ಲರ ಕಂಪ್ಯೂಟರಿನಲ್ಲೂ ಕಾಣುವ ಒಂದು ಪಟ್ಟಿಗೆ ಸೇರಿಸುತ್ತಾಳೆ. ಪ್ರತಿ ಕೆಲಸದ ಮುಂದೆ ಒಂದು ಖಾನೆ. ಕೆಲಸ ಎಲ್ಲಿಗೆ ಬಂತು ಅಂತ ಅದರಲ್ಲಿ ಬರೆಯಬೇಕು. ಏನಂತ ಬರೆಯಬೇಕು ಅನ್ನುವುದನ್ನು ಮಾತ್ರ ಯಾರೂ ಯಾರಿಗೂ ಹೇಳಿರಲಿಲ್ಲ. ಬಾಯಿಗೆ ಬಂದದ್ದನ್ನೇ ಕೈಯಿಂದ ಬರೆಯುತ್ತಿದ್ದರು.

ಆ ಶುಕ್ರವಾರದ ಕೆಲಸ ಸಣ್ಣದು. ಊರ ಹೊರಗಿನ ಒಂದು ಮಿಲ್ಲಿನವರು ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವೆ ಹತ್ತು ನಿಮಿಷದ ಬದಲು ಹದಿನೈದು ನಿಮಿಷ ಇಡಿ ಅಂದಿದ್ದರು. ಕಲಬುರಗಿಯಲ್ಲಿ ಕಪಿಲ ಅದನ್ನು ತಿದ್ದಿದ. ತಿದ್ದಿ, ಖಾನೆಯಲ್ಲಿ ‘ಜರಾ ನೋಡ್ರಿ’ ಅಂತ ಬರೆದ. ಎರಡು ನಿಮಿಷಕ್ಕೆ ಕಮಲಾಪುರದಿಂದ ಅಂಬಿಕಾ ‘ಆತ್ರಿ’, ಅಂದರೆ ಆಯ್ತು ರೀ, ಅಂತ ಬರೆದಳು. ಕಪಿಲ ಆ ಪ್ರೋಗ್ರಾಮನ್ನು ಮಿಲ್ಲಿನವರ ಬಳಕೆಗೆ ಬಿಟ್ಟು ಊಟಕ್ಕೆ ಹೋದ.

ಅವನು ತಿದ್ದಿದ್ದರಲ್ಲಿ ಒಂದು ತಪ್ಪಿತ್ತು. ನಡುವಿನ ಹೊತ್ತು ಹದಿನೈದು ನಿಮಿಷ ಆಗುವ ಬದಲು ಸೊನ್ನೆ ಆಗಿತ್ತು. ಇನ್ನೂರ ಹದಿನಾಲ್ಕು ಗಾಡಿಗಳಿಗೆ ಒಂದೇ ಮೆಸೇಜು ಹೋಯಿತು: ಶನಿವಾರ ಎಂಟು ಗಂಟೆಗೆ ಬನ್ನಿ. ರೈತರು ಹೇಳಿದ ಹೊತ್ತಿಗೆ ಬಂದರು. ಮಿಲ್ಲಿನ ಬಾಗಿಲಿನಿಂದ ಹಿಡಿದು ದೊಡ್ಡ ರಸ್ತೆಯವರೆಗೆ ಗಾಡಿ ನಿಂತವು. ಒಂದು ಶಾಲೆಯ ಬಸ್ಸು ನಡುವೆ ಸಿಕ್ಕಿಕೊಂಡಿತು. ಪೊಲೀಸರು ಬಂದರು. ಮಿಲ್ಲಿನ ಮ್ಯಾನೇಜರ್ ಮರೆಪ್ಪ ಗೇಟಿನ ಮೇಲೆ ಹತ್ತಿ ನಿಂತು, ಇದು ನನ್ನ ತಪ್ಪಲ್ಲ, ಕಂಪ್ಯೂಟರಿನವರದು ಅಂತ ಮಧ್ಯಾಹ್ನದವರೆಗೆ ಕೂಗಿದ.

ಸೋಮವಾರ ಬೆಳಿಗ್ಗೆ ನೀಲಕಂಠ ಗೌತಮಿಯನ್ನೂ ಕಪಿಲನನ್ನೂ ಕರೆದ.

“ಕಪಿಲ, ನೋಡದ ಯಾಕ ಬಿಟ್ಟಿ?”

“ನೋಡ್ಯಾರಂತ ಬಿಟ್ಟೆ ಸರ್. ಆತ್ರಿ ಅಂತ ಬರದಾರ. ಇಲ್ಲಿ ಅದ ನೋಡ್ರಿ.” ಕಪಿಲ ಫೋನು ಮುಂದೆ ಹಿಡಿದ. “ಆತ್ರಿ ಅಂದಮ್ಯಾಲ ಆತು. ಇನ್ನೇನು ಉಳೀತು?”

ನೀಲಕಂಠ ಓದಿದ. ಅಲ್ಲಿ ಬೇರೆ ಏನೂ ಇರಲಿಲ್ಲ.

“ಕಲಬುರ್ಗಿಗೂ ಕಮಲಾಪುರಕ್ಕೂ ನಡುವ ನಲ್ವತ್ತು ಕಿಲೋಮೀಟರ್ ಹಾದಿ ಅದ. ಆ ಹಾದ್ಯಾಗ ನನ್ನ ಮರ್ಯಾದಿ ಎಲ್ಲೋ ಬಿದ್ದು ಹೋಗ್ಯಾದ,” ಅಂದ. “ಗೌತಮಿ, ಬರೂ ಒಂದನೇ ತಾರೀಕಿಗೆ ಕಮಲಾಪುರದ ಕೋಣಿ ಮುಚ್ಚೂದು. ಎಲ್ಲಾರೂ ಇಲ್ಲೇ ಒಂದೇ ಕಡೆ ಕೂಡ್ಲಿ. ಬರೋರು ಬರ್ಲಿ, ಬರದೋರು ಬಿಡ್ಲಿ. ಯಾರು ಎಲ್ಲಿ ಕೂಡ್ತಾರ ಅಂತ ಒಂದು ಹಾಳ್ಯಾಗ ಬರದು ಶನಿವಾರಕ್ಕ ಕೊಡ್ರಿ.”

ಒಂದನೇ ತಾರೀಕಿಗೆ ಇನ್ನು ನಾಲ್ಕು ವಾರ ಇತ್ತು.

ಬರದೇ ಇರುವವರು ಯಾರು ಅಂತ ಗೌತಮಿಗೆ ಗೊತ್ತಿತ್ತು. ಅಂಬಿಕಾಳ ಮನೆ ಕಮಲಾಪುರ. ಗಂಡ ಮೌನೇಶನದು ಬಸ್ ನಿಲ್ದಾಣದ ಹಿಂದೆ ನೀರಿನ ಮೋಟಾರು ರಿಪೇರಿಯ ಅಂಗಡಿ. ಆ ಕೋಣೆ ಆಗುವ ಮೊದಲು ಅಂಬಿಕಾ ನಾಲ್ಕು ತಿಂಗಳು ಕಲಬುರಗಿಗೆ ಓಡಾಡಿದ್ದಳು. ಮುಂಜಾನೆ ಮಗಳು ಏಳುವ ಮೊದಲು ಬಸ್ಸು ಹತ್ತುವುದು, ಮಗಳು ಮಲಗಿದ ಮೇಲೆ ಇಳಿಯುವುದು. ಒಂದು ಭಾನುವಾರ ಮಗಳು ಅವಳನ್ನು ‘ಆಂಟಿ’ ಅಂತ ಕರೆಯಿತು. ಮರುದಿನ ಅಂಬಿಕಾ ರಾಜೀನಾಮೆ ಬರೆದು ತಂದಿದ್ದಳು. ಆಗ ಗೌತಮಿಯೇ ನೀಲಕಂಠನಿಗೆ ಹೇಳಿ, ಗೊಬ್ಬರದ ಅಂಗಡಿಯ ಮೇಲೆ ಕೋಣೆ ಹಿಡಿಸಿದ್ದು.

ಮಂಗಳವಾರ ಗೌತಮಿ ಹುಮನಾಬಾದ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಳು. ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣಿನವರು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದರು. ಒಂದು ಡಜನ್ ಕೊಂಡಳು. ಸುದ್ದಿ ಹೇಳಲು ಹೋಗುವಾಗ ಕೈ ಬರಿದಾಗಿರಬಾರದು ಅಂತ.

ಅಂಬಿಕಾ ಹಣ್ಣಿನ ಚೀಲ ಇಸಿದುಕೊಂಡು ಕೆಳಗಿಟ್ಟಳು.

“ಅಕ್ಕ, ಸುದ್ದಿ ಮೊದಲ ಹೇಳ್ರಿ. ಚಾ ಆಮ್ಯಾಗ ತರಸ್ತೀನಿ. ಇಲ್ಲಾಂದ್ರ ನಿಮಗೂ ರುಚಿ ಹತ್ತಂಗಿಲ್ಲ, ನನಗೂ ಹತ್ತಂಗಿಲ್ಲ.”

ಗೌತಮಿ ಹೇಳಿದಳು. ಕೋಣೆಯಲ್ಲಿದ್ದ ಐದೂ ಮಂದಿ ಕೇಳಿಸಿಕೊಂಡರು. ಮೊದಲು ಬಾಯಿ ತೆರೆದವನು ಶಹಬಾಜ್. ಅವನು ಅಲ್ಲಿ ಅಂಬಿಕಾಳ ನಂತರದವನು. ತಪ್ಪು ಹುಡುಕುವ ಕೆಲಸಕ್ಕೆ ಸೇರಿ, ತಾನೇ ಪ್ರೋಗ್ರಾಂ ಬರೆಯುವುದನ್ನೂ ಅಷ್ಟಿಷ್ಟು ಕಲಿತವನು.

“ಒಂದ್ ಆತ್ರಿಗೆ ಐದ್ ಮಂದಿ ನೌಕ್ರಿ? ಭಾಳ ತುಟ್ಟಿ ಆತ್ರಿ ಅದು.”

“ಸುಮ್ಕಿರೋ,” ಅಂದಳು ಅಂಬಿಕಾ. ಆಮೇಲೆ ಗೌತಮಿ ಕಡೆ ತಿರುಗಿದಳು. “ಅಕ್ಕ, ಖರೆ ಹೇಳ್ತೀನಿ. ನಾ ಕಲಬುರ್ಗಿಗೆ ಬರಂಗಿಲ್ಲ. ಬಂದು ನೋಡೀನಿ. ಆದ್ರ ನೌಕ್ರಿ ಬ್ಯಾಡಾಂತಲ್ರಿ. ಇಂಥಾ ಕೆಲಸ ಈ ಊರಾಗ ಇನ್ನೊಂದಿಲ್ಲ. ಈ ಕೋಣಿ ಹೋತಂದ್ರ ನಂದು ಹೋತು.”

“ಗೊತ್ತದ. ಶುಕ್ರವಾರ ಏನಾತು, ಅದು ಹೇಳು.”

“ಏನಾಗ್ಬೇಕ್ರಿ? ಕಪಿಲ ಸರ್ ನೋಡ್ರಿ ಅಂದ್ರು. ನಾ ಆತ್ರಿ ಅಂದೆ. ನೋಡ್ತೀನಿ ಅಂತ. ನಮ್ಮತ್ತಿ ಒಂದು ಚರಗಿ ನೀರು ತಾ ಅಂದ್ರ ಆತ್ರಿ ಅಂತೀನಿ. ಅಂದ ಕೂಡಲೇ ನೀರು ಬಂದಿರ್ತದೇನು?” ಅಂಬಿಕಾ ಎರಡೂ ಕೈ ಚೆಲ್ಲಿದಳು. “ಕೈಯಾಗ ಬ್ಯಾರೆ ಕೆಲಸ ಇತ್ತು. ಮೂರು ಗಂಟಿಗೆ ತಗದು ನೋಡಿದೆ, ತಪ್ಪು ಸಿಕ್ತು. ಫೋನ್ ಮಾಡಿದ್ರ ಕಪಿಲ ಸರ್, ಅದು ಊಟಕ್ಕಿಂತ ಮೊದಲ ಹೋಗ್ಯಾದ ಅಂದ್ರು. ತಿದ್ದಿ ಮತ್ತ ಕಳಸೂದ್ರಾಗ ರಾತ್ರಿ ಆಗಿತ್ತು, ಅಷ್ಟೊತ್ತಿಗೆ ರೈತರು ಗಾಡಿ ಹೇರಿ ಹೊಂಟಿದ್ರು.”

ಗೌತಮಿ ಇದನ್ನು ಒಪ್ಪಿದಳು, ಕಪಿಲನ ಮಾತನ್ನೂ ಒಪ್ಪಿದ್ದಳು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಆ ಮಾತೇ ಹಾಗೆ. ಮುಗಿಯಿತು ಅನ್ನುವುದಕ್ಕೂ ಆತು, ಒಪ್ಪಿಗೆ ಅನ್ನುವುದಕ್ಕೂ ಆತು. ಸಾಕು, ಆ ಮಾತು ಬಿಡು ಅನ್ನುವುದಕ್ಕೂ ಅದೇ. ಎದುರಿಗಿದ್ದವರ ದನಿ, ಕತ್ತು, ಕೈ ನೋಡಿ ಯಾವ ಆತು ಅಂತ ತಿಳಿಯುತ್ತದೆ. ಪಟ್ಟಿಯ ಖಾನೆಗೆ ಕತ್ತಿಲ್ಲ, ಕೈಯಿಲ್ಲ.

ಅವಳು ಅವತ್ತು ಹೇಳಬೇಕಾದದ್ದನ್ನು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಹಿಂದಿನ ಮೂರು ತಿಂಗಳ ಪಟ್ಟಿ ತೆಗೆಸಿದಳು. ಮುನ್ನೂರ ಚಿಲ್ಲರೆ ಕೆಲಸ. ಎಲ್ಲೆಲ್ಲಿ ‘ಆತು’, ‘ಆತ್ರಿ’ ಇದೆಯೋ ಅದನ್ನು ಅಂಬಿಕಾ ಓದುವುದು, ಬರೆದವರು ಅದು ಯಾವ ಆತು ಅಂತ ಹೇಳುವುದು, ಗೌತಮಿ ಗೆರೆ ಎಳೆಯುವುದು. ಕಲಬುರಗಿಯವರು ಬರೆದದ್ದಕ್ಕೆ ಫೋನು ಹಚ್ಚಿ ಕೇಳಿದರು.

“ಕಪಿಲ ಸರ್, ಹನ್ನೆರಡನೇ ತಾರೀಕಿಗೆ ಆತು ಅಂತ ಬರದೀರಿ. ಯಾವ ಆತು ಅದು?” ಅಂತ ಶಹಬಾಜ್ ಕೇಳಿದ.

“ಹನ್ನೆರಡಾ? ತಡಿ.” ಆ ಕಡೆ ಕಪಿಲ ಪಟ್ಟಿ ತೆಗೆದು ನೋಡಿದ. “ಅದು... ಆತ್ ತಗೋ, ಆಮ್ಯಾಗ ನೋಡೂಣು ಅನ್ನೋ ಆತು.”

“ಆಮ್ಯಾಗ ನೋಡಿದ್ರೇನ್ರಿ?”

“ಇಲ್ಲ.”

ಕೋಣೆಯಲ್ಲಿ ಎಲ್ಲರೂ ನಕ್ಕರು. ಫೋನಿನ ಆ ಕಡೆಯೂ ಯಾರೋ ನಕ್ಕರು.

ಲೆಕ್ಕ ಮುಗಿದಾಗ ನೂರಾ ತೊಂಬತ್ತು ಆತುಗಳಲ್ಲಿ ನಿಜವಾಗಿ ಮುಗಿದದ್ದು ಎಂಬತ್ತೆಂಟು. ಉಳಿದದ್ದರಲ್ಲಿ ಹೆಚ್ಚಿನವು ಕೇಳಿಸಿತು ಅನ್ನುವ ಆತುಗಳು. ಇದು ನೀಲಕಂಠನಿಗೆ ತೋರಿಸಲು ಸಾಕಾಗುತ್ತಿತ್ತು. ಆದರೆ ಗೌತಮಿಯ ಕಣ್ಣು ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ಗೆರೆ ಎಳೆಯುತ್ತಾ ಅವಳು ಒಂದೊಂದು ಕೆಲಸ ಎಷ್ಟು ಸಲ ಕಲಬುರಗಿಯಿಂದ ಕಮಲಾಪುರಕ್ಕೆ, ಕಮಲಾಪುರದಿಂದ ಕಲಬುರಗಿಗೆ ಹೋಗಿ ಬಂದಿದೆ ಅಂತ ಪಕ್ಕದಲ್ಲಿ ಬರೆಯುತ್ತಿದ್ದಳು. ಶರಣಸಿರಸಗಿ ಅನ್ನುವ ಊರ ಹೆಸರು ಮೆಸೇಜಿನಲ್ಲಿ ಅರ್ಧಕ್ಕೇ ತುಂಡಾಗಿ ‘ಶರಣಸಿ’ ಅಂತ ಬರುತ್ತಿತ್ತು. ಅದನ್ನು ಸರಿಮಾಡುವ ಕೆಲಸ ಏಳು ಸಲ ಹೋಗಿ ಬಂದಿತ್ತು. ಕೂತು ಮಾಡಿದ್ದು ಎರಡು ತಾಸು. ಹಿಡಿದದ್ದು ಒಂಬತ್ತು ದಿನ. ಎಂಟೂ ಮುಕ್ಕಾಲು ದಿನ ಅದು ಯಾರದೋ ಆತ್ರಿಗಾಗಿ ಕಾದು ಕೂತಿತ್ತು.

ಸಂಜೆಯ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಪ್ಪು ಮಾತಿನದಲ್ಲ, ಮಾತು ದಾಟಬೇಕಾದ ಬಾಗಿಲುಗಳದು ಅಂತ ಅವಳಿಗೆ ಅನ್ನಿಸಿತು. ಬರೆಯುವವರು ಒಂದು ಕಡೆ, ನೋಡುವವರು ಒಂದು ಕಡೆ ಅಂತ ಇಟ್ಟಷ್ಟು ದಿನ ಪ್ರತಿಯೊಂದೂ ದಾಟಲೇಬೇಕು. ಎಲ್ಲರನ್ನೂ ಕಲಬುರಗಿಯಲ್ಲೇ ಕೂಡಿಸಿದರೂ ಹೊಸ್ತಿಲು ಸಣ್ಣದಾಗುತ್ತದೆ, ಇಲ್ಲದಾಗುವುದಿಲ್ಲ.

ಶನಿವಾರ ಅವಳು ಕೊಟ್ಟ ಹಾಳೆಯಲ್ಲಿ ಕುರ್ಚಿಗಳಿರಲಿಲ್ಲ. ಎರಡು ಸಾಲುಗಳಿದ್ದವು. ಮೇಲಿನದರಲ್ಲಿ: ರೈತನ ಫೋನಿಗೆ ಹೋಗುವುದೆಲ್ಲ, ಅಂದರೆ ದಿನ, ಗಂಟೆ, ಮೆಸೇಜು, ಬದಲಾವಣೆ, ಕಮಲಾಪುರದವರದು. ಬರೆಯುವುದೂ ಅವರೇ, ನೋಡುವುದೂ ಅವರೇ, ಬಿಡುವುದೂ ಅವರೇ. ಕೆಳಗಿನದರಲ್ಲಿ: ಮಿಲ್ಲಿನ ಗೇಟಿನ ಒಳಗಿನದೆಲ್ಲ, ತೂಕ, ತೇವ, ಚೀಲದ ಎಣಿಕೆ, ಕಲಬುರಗಿಯವರದು. ಅವರೂ ತಮ್ಮದನ್ನು ತಾವೇ ನೋಡಿಕೊಳ್ಳುವುದು.

ನೀಲಕಂಠ ಹಾಳೆ ತಿರುವಿ ಹಿಂದೆಯೂ ನೋಡಿದ.

“ನಾ ಏನು ಕೇಳಿದ್ದೆ, ನೀವು ಏನು ತಂದೀರಿ?”

“ನೀವು ಕೇಳಿದ್ದು ಬರೀಲಾಕ ಕೂತಿದ್ದೆ ಸರ್. ಕೈ ಹಿಂಗ ಬರೀತು.”

“ಕೈ ಮ್ಯಾಲ ಹಾಕಬ್ಯಾಡ್ರಿ.” ಅವನಿಗೆ ನಗು ಬಂತು, ತಡೆದುಕೊಂಡ. “ಇಷ್ಟೆಲ್ಲ ಯಾಕ? ಆತು ಅನ್ನೋ ಶಬ್ದ ಯಾರೂ ಬರೀಬ್ಯಾಡ್ರಿ ಅಂತ ಒಂದು ಆರ್ಡರ್ ಹೊರಡಸಿದ್ರ ಮುಗೀತಲ್ಲ.”

“ನಾಳಿಂದ ಹೂಂ ಅಂತ ಬರೀತಾರ್ರಿ.”

ನೀಲಕಂಠ ಹಾಳೆ ಮತ್ತೆ ಕೈಗೆ ತೆಗೆದುಕೊಂಡ. ತಾನೂ ಅದನ್ನೇ ಬರೆಯುತ್ತಿದ್ದೆ ಅಂತ ಅನ್ನಿಸಿರಬೇಕು.

“ಸರಿ. ಈ ಹಾಳ್ಯಾಗ ನಿಮ್ಮ ಹೆಸರು ಎಲ್ಲದ?”

“ಇಲ್ಲಿಂದಲ್ಲಿಗೆ ಒಯ್ಯೋದು ಕಮ್ಮಿ ಆಗ್ತದ್ರಿ. ವಾರದಾಗ ಎರಡು ದಿನ ಅಲ್ಲಿ ಕೂಡ್ತೀನಿ, ಉಳಿದದ್ದು ಇಲ್ಲಿ. ಏನು ಕೆಲಸ ಉಳೀತದ ನೋಡೂಣು.”

“ನಿಮ್ಮ ಕೆಲಸ ನೀವೇ ಕಡಿಮಿ ಮಾಡ್ಕೊಳಾಕತ್ತೀರಿ.”

“ಇದ್ದದ್ದು ಇಷ್ಟೇ ಕೆಲಸ ಅಂತ ಈಗ ಕಂಡದ ಸರ್.”

ಅವನು ಒಪ್ಪಿದ ಅಂತ ಹೇಳಲಾಗದು. “ಒಂದನೇ ತಾರೀಕಿಗೆ ಇನ್ನು ಮೂರು ವಾರಕ್ಕ ಎರಡು ದಿನ ಹೆಚ್ಚದ,” ಅಂದ. “ಅಲ್ಲೀತನಕ ಮಾಡ್ರಿ. ಇನ್ನೊಂದು ಸಲ ಗಾಡಿ ನಿಂತವಂದ್ರ, ಕೋಣಿ ಮಾಲೀಕಗ ನಾನೇ ಫೋನ್ ಮಾಡ್ತೀನಿ.”

ಒಂದೇ ಒಂದು ತೊಡಕಿತ್ತು. ಕಮಲಾಪುರದಲ್ಲಿ ಬರೆಯಬಲ್ಲವನು ಶಹಬಾಜ್ ಒಬ್ಬನೇ, ಅವನೂ ಅರ್ಧ. ಆ ಮೆಸೇಜಿನ ಪ್ರೋಗ್ರಾಂ ಮೊದಲಿನಿಂದ ಬರೆದವನು ಕಪಿಲ. ಅವನು ಹೋಗಬೇಕಿತ್ತು.

“ಮೇಡಂ, ನಾ ಖೂಬಾ ಪ್ಲಾಟ್‌ನಾಗ ಮನಿ ಹಿಡದದ್ದ ಆಫೀಸಿಗಿ ನಡಕೋತ ಬರ್ಲಾಕ,” ಅಂದ ಕಪಿಲ. “ಈಗ ಕಮಲಾಪುರಕ್ಕ ಹೋಗಂತೀರಿ. ಅಲ್ಲೇನದ? ಬಾಳಿಹಣ್ಣು ತಿಂದು ಕೂಡ್ಲೇನು?”

“ಅದೂ ತಿನ್ರಿ. ಬುಧವಾರ ಒಂದಿನ ಬರ್ರಿ. ಬ್ಯಾಡನಿಸಿದ್ರ ಗುರುವಾರ ಕೇಳಂಗಿಲ್ಲ.”

“ಒಂದಿನ ಅಂದ್ರ ಒಂದ ದಿನ.”

“ಒಂದ ದಿನ.”

ಬುಧವಾರ ಕಪಿಲ ಕಮಲಾಪುರಕ್ಕೆ ಬಂದು, ಕುರ್ಚಿಯ ಒಂದು ಕಾಲು ಗಿಡ್ಡ ಇದೆ ಅಂದ, ನೆಟ್‌ವರ್ಕ್ ಕಡಿಮೆ ಇದೆ ಅಂದ, ಕೆಳಗಿನಿಂದ ಯೂರಿಯಾ ವಾಸನೆ ಬರುತ್ತದೆ ಅಂದ. ಅಂಬಿಕಾ ಕುರ್ಚಿಯ ಕಾಲಿಗೆ ರಟ್ಟು ಮಡಿಚಿ ಇಟ್ಟಳು. ಉಳಿದ ಎರಡು ಅವಳ ಕೈಯಲ್ಲಿರಲಿಲ್ಲ. ಹನ್ನೊಂದು ಗಂಟೆಗೆ ರೈತರ ಫೋನು ಬಂತು. ಅವಳು ಅದನ್ನು ಕಪಿಲನ ಮುಂದೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿದಳು.

“ಹಲೋ, ಸರದಿಯೋರಾ? ನಾ ಕರೀಂಸಾಬ್ ಮಾತಾಡಾಕತ್ತೀನಿ.”

“ಹೇಳ್ರಿ,” ಅಂದ ಕಪಿಲ.

“ಹೊಸಾ ದನಿ ಅದಲ್ಲ? ಬೇಟಿ ಇಲ್ಲೇನು?”

“ಇಲ್ಲೇ ಅದೀನ್ರಿ ಚಾಚಾ,” ಅಂದಳು ಅಂಬಿಕಾ. “ಇವರು ನಿಮ್ಮ ಮೆಸೇಜ್ ಮಾಡೋ ಸಾಹೇಬ್ರು. ಇವರಿಗೇ ಹೇಳ್ರಿ.”

“ಅಚ್ಛಾ! ಇವರೇ ಏನು? ಭಲೇ ಸಿಕ್ರಿ ನೋಡ್ರಿ. ಸಾಹೇಬ್ರ, ನಿಮ್ಮ ಮೆಸೇಜಿನಾಗ ಆರು ಗಂಟಿ ಅಂತದ. ಮುಂಜಾನಿ ಆರೋ, ಸಂಜಿ ಆರೋ? ಹ್ವಾದ ವರ್ಷ ಹಿಂಗೇ ಮುಂಜಾನಿ ಅಂತ ಹೋಗಿ ಸಂಜೀತನಕ ಬಿಸಲಾಗ ಕುಂತೆ. ನಮ್ಮ ಬೀವಿ ಅಂದ್ಳು, ಮೆಸೇಜ್ ಕಳಸಿದಾವಗ ಮುಂಜಾನಿ ಅನ್ನೋದು ಗೊತ್ತಿಲ್ಲೇನೋ, ಹನ್ನೆರಡಕ್ಕ ಏಳ್ತಾನೇನೋ ಅಂತ.”

ಶಹಬಾಜ್ ಮುಖ ಆ ಕಡೆ ಮಾಡಿದ. ಕಿವಿ ಕೆಂಪಾದ ಕಪಿಲ ಕಂಪ್ಯೂಟರಿನಲ್ಲಿ ಅವರ ಗಾಡಿ ಹುಡುಕಿದ.

“ಸಂಜಿ ಆರು ಚಾಚಾ,” ಅಂದ. “ಇನ್ನ ಮ್ಯಾಲ ಬರದು ಕಳಸ್ತೀವ್ರಿ.”

ಫೋನು ಇಟ್ಟ ಮೇಲೆ ಅವನು ಅಂಬಿಕಾಳನ್ನು ಕೇಳಿದ. “ಇದನ್ನ ಎಷ್ಟು ಮಂದಿ ಕೇಳ್ತಾರ?”

“ದಿನಾ ಏಳೆಂಟು ಮಂದಿ.”

“ನನಗ್ಯಾಕ ಹೇಳಿಲ್ಲ?”

“ಹೋದ ದೀಪಾವಳಿಗೆ ಪಟ್ಟಿಯೊಳಗ ಬರದೀನ್ರಿ. ನೀವು ಆತು ಅಂದೀರಿ.”

ಕಪಿಲ ಪಟ್ಟಿ ತೆಗೆದು ನೋಡಲಿಲ್ಲ. ಇರುತ್ತದೆ ಅಂತ ಅವನಿಗೆ ಗೊತ್ತಿತ್ತು. ‘ಮುಂಜಾನೆ’, ‘ಸಂಜೆ’ ಅನ್ನುವ ಎರಡು ಮಾತು ಸೇರಿಸಲು ಅವನಿಗೆ ಕಾಲು ತಾಸು ಹಿಡಿಯಿತು. ಪಕ್ಕದಲ್ಲೇ ಕೂತು ಅಂಬಿಕಾ ನೋಡಿದಳು. ಒಂದು ಕಡೆ ಮಧ್ಯಾಹ್ನ ಹನ್ನೆರಡಕ್ಕೆ ಅದು ‘ಮುಂಜಾನೆ’ ಅಂತ ತೋರಿಸುತ್ತಿತ್ತು. ಅದನ್ನೂ ತಿದ್ದಿದ. ಊಟಕ್ಕೆ ಮೊದಲೇ ಅದು ರೈತರ ಫೋನಿಗೆ ಹೋಗತೊಡಗಿತ್ತು. ಹಳೆಯ ರೀತಿಯಲ್ಲಾದರೆ ಅದು ವಾರದ ಕೆಲಸ.

ಗುರುವಾರ ಗೌತಮಿ ಕೇಳಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಕಮಲಾಪುರದಲ್ಲಿ ಬಸ್ಸಿಳಿದಾಗ ಕಪಿಲ ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಇಳಿದ.

“ಏನ್ರಿ, ಇದೇ ಬಸ್ಸಿನಾಗ?” ಅಂದಳು.

“ಕೆಲಸ ಅದ ಮೇಡಂ. ನೀವು ನಿಮ್ಮಷ್ಟಕ್ಕ ನೀವು ಹೋಗ್ರಿ,” ಅಂದ.

ಮೊದಲ ವಾರ ಜಗಳಗಳಾದವು. ಕಪಿಲ ಬರೆದದ್ದನ್ನು ಶಹಬಾಜ್ ತಿದ್ದಿದ, ಶಹಬಾಜ್ ತಿದ್ದಿದ್ದನ್ನು ಕಪಿಲ ಅಳಿಸಿದ, ಇಬ್ಬರೂ ಒಂದು ದಿನ ಪೂರ್ತಿ ಮಾತು ಬಿಟ್ಟರು. ಕಲಬುರಗಿಯ ಆಫೀಸಿನಲ್ಲಿ ತ್ರಿವೇಣಿ ಅನ್ನುವವಳು, ನಮ್ಮದನ್ನು ನಾವೇ ನೋಡಿಕೊಳ್ಳಬೇಕು ಅಂದರೆ ನಮಗೆ ನಮ್ಮ ತಪ್ಪು ಕಾಣುವುದೇ ಇಲ್ಲ ಅಂತ ಗೌತಮಿಯ ಹತ್ತಿರ ಅತ್ತಳು. ಅದು ನಿಜವೇ ಆಗಿತ್ತು. ಗೌತಮಿ ಅಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂಡಿಸಿದಳು, ಒಬ್ಬರು ಬರೆದದ್ದನ್ನು ಪಕ್ಕದವರು ಕೂತಲ್ಲೇ ನೋಡುವ ಹಾಗೆ. ಪಟ್ಟಿಯ ಖಾನೆಗಳು ಉಳಿದವು, ಆದರೆ ಯಾರೂ ಅದನ್ನು ಅಷ್ಟಾಗಿ ತೆರೆಯುತ್ತಿರಲಿಲ್ಲ. ಗಾಡಿ ಎಲ್ಲೂ ನಿಲ್ಲಲಿಲ್ಲ. ಅಂಬಿಕಾ ಮಾತ್ರ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಎತ್ತಿ ಒಂದನೇ ತಾರೀಕು ನೋಡುತ್ತಿದ್ದಳು. ಅವಳ ಅತ್ತೆ ಚಂದಮ್ಮ, “ನೀ ನೋಡಿದ್ರ ಅದು ಹಿಂದ ಹೋಗ್ತದೇನವ್ವ?” ಅಂದಳು.

ಒಂದನೇ ತಾರೀಕಿಗೆ ನಾಲ್ಕು ದಿನ ಉಳಿದಾಗ, ಗುರುವಾರ ಬೆಳಿಗ್ಗೆ ಏಳೂವರೆಗೆ ಮರೆಪ್ಪ ಅಂಬಿಕಾಳಿಗೆ ಫೋನು ಮಾಡಿದ. ಅದೇ ಊರ ಹೊರಗಿನ ಮಿಲ್ಲು, ಅದೇ ಮ್ಯಾನೇಜರ್.

“ಯವ್ವಾ, ದೊಡ್ಡ ಮೋಟಾರ್ ಸುಟ್ಟು ಹೋಗ್ಯಾದ. ನಾಳೆ ಮಧ್ಯಾಹ್ನದತನಕ ಮಿಲ್ಲು ಬಂದ್. ಇವತ್ತು ಐವತ್ತೆಂಟು ಗಾಡಿ ಬರೋವು ಅದಾವ. ಮತ್ತ ಗೇಟ್ ಮ್ಯಾಲ ಹತ್ತು ಅಂತೀಯೇನು ನನ್ನ?”

“ಹತ್ತಬ್ಯಾಡ್ರಿ. ಎಷ್ಟು ಗಾಡಿ ಮನಿ ಬಿಟ್ಟಾವ ಕೇಳ್ತೀನಿ.”

ಅವಳು ಕೋಣೆಗೆ ಓಡಿದಳು. ಶಹಬಾಜ್ ಬಂದ. ಕಪಿಲ ಬಸ್ಸಿನಲ್ಲಿದ್ದ, ಫೋನಿನಲ್ಲೇ ಸೇರಿಕೊಂಡ. ಒಂದೊಂದೇ ಗಾಡಿಯ ದಿನ ಬದಲಿಸಲು ಪ್ರೋಗ್ರಾಮಿನಲ್ಲಿ ದಾರಿಯಿತ್ತು. ಇಡೀ ದಿನವನ್ನು ಮುಂದಕ್ಕೆ ಸರಿಸುವ ದಾರಿ ಇರಲಿಲ್ಲ. ಶಹಬಾಜ್ ಅದನ್ನು ಬರೆದ, ಕಪಿಲ ಬಂದು ಇಳಿಯುವಷ್ಟರಲ್ಲಿ ಅರ್ಧ ಆಗಿತ್ತು, ಇಬ್ಬರೂ ಸೇರಿ ಮುಗಿಸಿದರು. ಮೊದಲು ಅದನ್ನು ಕಮಲಾಪುರದ ನಾಲ್ಕು ಗಾಡಿಗಳಿಗೆ ಮಾತ್ರ ಕಳಿಸಿ, ಆ ನಾಲ್ಕೂ ಮಂದಿಗೆ ಅಂಬಿಕಾ ಫೋನು ಮಾಡಿ ಬಂದ ಮೆಸೇಜನ್ನು ಓದಿಸಿ ಕೇಳಿದಳು. ಸರಿಯಿತ್ತು. ಆಮೇಲೆ ಎಲ್ಲರಿಗೂ ಬಿಟ್ಟರು. ಆಗಲೇ ಹೊರಟಿದ್ದ ಒಂಬತ್ತು ಗಾಡಿಗಳನ್ನು ಹತ್ತಿರದ ಇನ್ನೊಂದು ಮಿಲ್ಲಿಗೆ ಕಳಿಸಿ, ಇಳಿಸಿಕೊಳ್ಳಿ ಅಂತ ಮರೆಪ್ಪನಿಂದಲೇ ಅಲ್ಲಿನ ಮ್ಯಾನೇಜರನಿಗೆ ಹೇಳಿಸಿದರು. ಹತ್ತು ಗಂಟೆಗೆ ಮರೆಪ್ಪನ ಗೇಟಿನ ಮುಂದೆ ಎರಡು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಇದು ನೀಲಕಂಠನಿಗೆ ತಿಳಿದದ್ದು ಮರುದಿನ, ಮರೆಪ್ಪ ಹೊಗಳಲು ಫೋನು ಮಾಡಿದಾಗ. ಮರೆಪ್ಪ ಹೊಗಳಿದ ಅರ್ಧ ತಾಸಿಗೆ ನೀಲಕಂಠ ಕಾರು ತೆಗೆದ.

ಕೋಣೆ ಹಿಡಿದು ಎರಡು ವರ್ಷದಲ್ಲಿ ಅವನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಗೌತಮಿ ಅವತ್ತು ಅಲ್ಲೇ ಇದ್ದಳು. ಎಲ್ಲರೂ ಎದ್ದು ನಿಂತರು. ಅವನು ಕೂಡಲಿಲ್ಲ.

“ನಿನ್ನಿ ಯಾರನ್ನ ಕೇಳಿ ಮಾಡಿದ್ರಿ?”

“ಯಾರನ್ನೂ ಕೇಳಿಲ್ರಿ ಸರ್,” ಅಂದಳು ಅಂಬಿಕಾ.

“ಒಂದು ಮಿಲ್ಲಿನ ಗಾಡಿ ಇನ್ನೊಂದು ಮಿಲ್ಲಿಗೆ ಕಳಸ್ತೀರಿ, ಹೊಸಾ ಪ್ರೋಗ್ರಾಂ ಬರದು ಬಿಡ್ತೀರಿ. ಕಂಪನಿ ಯಾರ್ದು? ಗೌತಮಿ, ನಿಮಗಾದ್ರೂ ಗೊತ್ತಿತ್ತೇನು?”

“ಹನ್ನೊಂದು ಗಂಟಿಗೆ ಗೊತ್ತಾತು ಸರ್. ಎಲ್ಲಾ ಮುಗದಮ್ಯಾಲ.”

“ನಾಳೆ ಮತ್ತ ಇನ್ನೂರು ಗಾಡಿ ನಿಂತ್ರ ಮಂದಿ ಯಾರ ಮನಿ ಮುಂದ ಬರ್ತಾರ? ನನ್ನ ಮನಿ ಮುಂದ. ನಾ ಅವತ್ತೇ ಹೇಳಿದ್ದೆ, ಈ ಕೋಣಿ...”

ಅಷ್ಟರಲ್ಲಿ ರೈತರ ಫೋನು ಬಡಿದುಕೊಂಡಿತು. ಅಂಬಿಕಾ ಅವನ ಮುಖ ನೋಡಿದಳು, ಫೋನು ನೋಡಿದಳು, ಎತ್ತಿದಳು. ಮಾತು ಅರ್ಧಕ್ಕೆ ನಿಂತ ನೀಲಕಂಠ ಹಾಗೇ ನಿಂತಿದ್ದ. ಆ ಕಡೆಯಿಂದ ಒಬ್ಬಳು ಹೆಣ್ಣುಮಗಳು, ಗಂಡನಿಗೆ ಜ್ವರ, ನಾಳೆಯ ಗಾಡಿ ಎರಡು ದಿನ ಮುಂದೆ ಹಾಕಿಕೊಡಿ ಅಂತ ಕೇಳುತ್ತಿದ್ದಳು. ಅಂಬಿಕಾ ಅವಳ ಊರು ಕೇಳಿದಳು, ಗಾಡಿ ಬಾಡಿಗೆಯದೋ ಸ್ವಂತದ್ದೋ ಕೇಳಿದಳು, ಜ್ವರ ಎಷ್ಟು ದಿನದಿಂದ ಅಂತ ಕೇಳಿದಳು, ಸೋಮವಾರ ಮುಂಜಾನೆ ಒಂಬತ್ತಕ್ಕೆ ಹಾಕಿದಳು, ಮೆಸೇಜು ಬಂತೇ ಅಂತ ಓದಿಸಿದಳು. ಎಲ್ಲ ಸೇರಿ ಮೂರು ನಿಮಿಷ. ಅಷ್ಟೂ ಹೊತ್ತು ನೀಲಕಂಠ ಕಾದ.

ಫೋನು ಇಟ್ಟು ಅವಳು ಹೇಳಿದಳು. “ಸರ್, ನಿನ್ನಿ ನಿಮ್ಮನ್ನ ಕೇಳಬೌದಿತ್ರಿ. ಏಳೂವರಿಗೆ ನೀವು ಫೋನ್ ಎತ್ತಂಗಿಲ್ಲ, ಪೂಜಿಗೆ ಕೂತಿರ್ತೀರಿ. ಒಂಬತ್ತಕ್ಕ ಎತ್ತಿ ಗೌತಮಿ ಅಕ್ಕಗ ಹೇಳ್ರಿ ಅಂತಿದ್ರಿ. ಅಕ್ಕ ಕಪಿಲಣ್ಣಗ ಹೇಳ್ತಿದ್ರು. ಅಷ್ಟರಾಗ ಐವತ್ತೆಂಟು ಗಾಡಿ ಬಂದು ನಿಂತಿರ್ತಿದ್ವು. ತಪ್ಪಾಗಿದ್ರ ನನ್ನ ಹೆಸರು ಹೇಳ್ರಿ, ನಾ ನಿಮ್ಮ ಮನಿ ಮುಂದ ನಿಂತು ಬೈಸಿಕೊಳ್ತೀನಿ. ಆದ್ರ ಕೇಳಿ ಮಾಡೂ ಕೆಲಸ ಅಲ್ರಿ ಅದು.”

ಕಪಿಲ ಕೆಮ್ಮಿದ. ನೀಲಕಂಠ ಕಿಟಕಿಯ ಹತ್ತಿರ ಹೋಗಿ ಕೆಳಗೆ ಗೊಬ್ಬರದ ಚೀಲ ಇಳಿಸುತ್ತಿದ್ದ ಲಾರಿ ನೋಡುತ್ತಾ ನಿಂತ. ಅಪ್ಪನ ಮಿಲ್ಲಿನಲ್ಲಿ ಯಾವ ಚೀಲವೂ ಅಪ್ಪನನ್ನು ಕೇಳದೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅಪ್ಪ ಊಟಕ್ಕೆ ಹೋದರೆ ಗಾಡಿಗಳು ನಿಲ್ಲುತ್ತಿದ್ದವು.

“ಅಲ್ಲ, ಹಿಂಗ ಇಡೀ ದಿನ ಸರಸೂದು ಇನ್ನ ಮ್ಯಾಲ ಎಲ್ಲಾ ಮಿಲ್ಲಿಗೂ ಬರ್ತದೇನು?” ಅಂತ ಶಹಬಾಜ್‌ನನ್ನು ಕೇಳಿದ.

“ಬರ್ತದ್ರಿ. ಬೀದರ ರಸ್ತಾದ ಮಿಲ್ಲಿನೋರು ನಿನ್ನೇ ಕೇಳಾಕತ್ಯಾರ.”

“ಹ್ಞಾಂ.” ನೀಲಕಂಠ ಕಾರಿನ ಕೀಲಿ ತೆಗೆದ. “ಸರಿ, ಮಾಡ್ರಿ. ನೋಡೂಣು.” ಅಂದು ಮೆಟ್ಟಿಲು ಇಳಿಯತೊ‌ಡಗಿದ.

ಅಂಬಿಕಾ ಗೌತಮಿಯ ಕಡೆ ನೋಡಿದಳು. “ಅಕ್ಕ, ಏನಂದ್ರು ಅವರು?”

“ನೋಡೂಣು ಅಂದ್ರು.”

“ಅಂದ್ರ?”

“ನನಗೂ ಗೊತ್ತಿಲ್ಲ. ಹೋಗಿ ಕೇಳು.”

ಅಂಬಿಕಾ ಮೆಟ್ಟಿಲ ತುದಿಗೆ ಬಂದಳು. ಅವನು ಆಗಲೇ ಕೆಳಗಿನ ಮೆಟ್ಟಿಲಲ್ಲಿ ಚಪ್ಪಲಿಯ ಮೇಲೆ ಬಿದ್ದ ಗೊಬ್ಬರ ಒದರುತ್ತಿದ್ದ.

“ಸರ್, ಒಂದನೇ ತಾರೀಕಿಗೆ ಕೋಣಿ ಮುಚ್ತೀರೋ, ಇಲ್ಲೋ? ಅದೊಂದು ಬಿಚ್ಚಿ ಹೇಳಿ ಹೋಗ್ರಿ.”

ಅಂಗಡಿಯವನೂ ಹಮಾಲರೂ ಕೈ ನಿಲ್ಲಿಸಿ ನೋಡಿದರು. ಹಾಗೆ ಮೇಲಿನಿಂದ ಯಾರೂ ನೀಲಕಂಠನನ್ನು ಕೇಳಿದ್ದಿಲ್ಲ. ಅವನು ಕತ್ತೆತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅವಳನ್ನು ನೋಡಿದ.

“ಮುಚ್ಚಂಗಿಲ್ಲ,” ಅಂದ.

“ಈ ವರ್ಷಕ್ಕಷ್ಟೋ, ಮುಂದೂ ಮುಚ್ಚಂಗಿಲ್ಲೋ?”

“ನೀವು ಗಾಡಿ ನಿಲ್ಲಸೋತನಕ ಇಲ್ಲ. ಸಾಕಾ?”

“ಸಾಕ್ರಿ,” ಅಂದಳು ಅಂಬಿಕಾ. ಒಳಗೆ ಬಂದು ಅದನ್ನು ಎಲ್ಲರಿಗೂ ಅವನು ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದಳು. ಶಹಬಾಜ್ ಮತ್ತೊಮ್ಮೆ ಹೇಳಿಸಿಕೊಂಡ. ಗೌತಮಿ ಕೆಳಗೆ ಇಳಿದು ಹೋಗಿ ಏಳು ಚಹಾ ಹೇಳಿ ಬಂದಳು. ಅಂಬಿಕಾ ಜ್ವರದವನ ಗಾಡಿಯಿಂದ ಖಾಲಿಯಾದ ನಾಳೆಯ ಹೊತ್ತಿಗೆ ಯಾರನ್ನು ಕರೆಯಬಹುದು ಅಂತ ಹುಡುಕಲು ಕೂತಳು.